ಬೆಂಡಿನ ಬಿರಡೆ

ಕುರ್ಚಿಗಳು ಖಾಲಿ ಇದ್ದವು. ಆದರೂ ಕುಮುದಿನಿ ಕೂರಲಿಲ್ಲ. ಕದ್ರಿಯ ಆ ಆಸ್ಪತ್ರೆಯ ಮೂರನೇ ಮಾಳಿಗೆಯಲ್ಲಿ, ಗಂಟಲಿನ ಡಾಕ್ಟರರ ಕೋಣೆಯ ಹೊರಗೆ, ಕಿಟಕಿಯಿಂದ ಬಾಗಿಲಿಗೆ ಹನ್ನೊಂದು ಹೆಜ್ಜೆ, ಬಾಗಿಲಿನಿಂದ ಕಿಟಕಿಗೆ ಹನ್ನೊಂದು ಹೆಜ್ಜೆ ಹಾಕುತ್ತಲೇ ಇದ್ದಳು. ಆರನೇ ಸಲ ತಿರುಗುವಾಗ ಏದುಸಿರು ಬಂತು, ಕುತ್ತಿಗೆಯ ನಳಿಗೆ ಸೊರ್ ಸೊರ್ ಎಂದಿತು. ನಿಂತಳು. ಉಸಿರು ಹಿಡಿತಕ್ಕೆ ಬಂದ ಕೂಡಲೇ ಮತ್ತೆ ಹೊರಟಳು.

"ಅಮ್ಮ, ಒಮ್ಮೆ ಕೂತ್ಕೊ. ನೋಡಿ ನೋಡಿ ನಂಗೆ ತಲೆ ತಿರುಗ್ತದೆ" ಎಂದಳು ಮಗಳು ಮೋಕ್ಷಾ.

ಕುಮುದಿನಿ ಹೆಬ್ಬೆರಳನ್ನು ನಳಿಗೆಯ ಬಾಯಿಗೆ ಒತ್ತಿದಳು. ಹಾಗೆ ಮುಚ್ಚಿದರೆ ಮಾತ್ರ ಅವಳಿಗೆ ಮಾತು. "ನೋಡ್ಬೇಡ. ಆಚೆ ನೋಡು."

ಎಂಟು ತಿಂಗಳ ಹಿಂದೆ ಅವಳ ಥೈರಾಯಿಡ್ ಗಡ್ಡೆ ತೆಗೆದಿದ್ದರು. ಗಡ್ಡೆ ಎರಡೂ ಬದಿಯ ಸ್ವರದ ನರಗಳಿಗೆ ಅಂಟಿಕೊಂಡು ಬೆಳೆದಿತ್ತಂತೆ. ಪ್ರಾಣ ಉಳಿಯಿತು, ನರಗಳು ಉಳಿಯಲಿಲ್ಲ. ಆಮೇಲೆ ಉಸಿರು ಕಟ್ಟಿ ಮುಖ ನೀಲಿಯಾದಾಗ ಕುತ್ತಿಗೆಯ ಕೆಳಗೆ ತೂತು ಮಾಡಿ ಈ ನಳಿಗೆ ಕೂರಿಸಿದರು. ಅಂದಿನಿಂದ ಅವಳು ಉಸಿರಾಡುವುದು ಮೂಗಿನಲ್ಲಲ್ಲ, ಈ ಪ್ಲಾಸ್ಟಿಕ್ಕಿನ ಬಾಯಿಯಲ್ಲಿ.

ಒಳಗೆ ಕರೆದ ಮೇಲೆ ಡಾಕ್ಟರ್ ಶಮೀಮಾ ಕಾಗದದ ಮೇಲೆ ಚಿತ್ರ ಬಿಡಿಸಿ ತೋರಿಸಿದರು. ಕಾಟಿಪಳ್ಳದ ಹೆಂಗಸು. ಮಾತು ನಿಧಾನ, ಪೆನ್ನು ಚುರುಕು.

"ನೋಡಿ ಕುಮುದಿನಿಯವ್ರೆ, ಇದು ಸ್ವರದ ಪೆಟ್ಟಿಗೆ. ಒಳಗೆ ಎರಡು ಮಡಿಕೆ ಉಂಟು. ಉಸಿರು ತೆಗೊಳ್ಳುವಾಗ ಅವು ದೂರ ಹೋಗ್ಬೇಕು, ಮಾತಾಡುವಾಗ ಹತ್ತಿರ ಬರ್ಬೇಕು. ನಿಮ್ಮದು ಎರಡೂ ಹತ್ತಿರವೇ ನಿಂತುಬಿಟ್ಟಿವೆ. ಅದಕ್ಕೇ ಸ್ವರ ಚೆನ್ನಾಗುಂಟು, ಉಸಿರಿಗೆ ಮಾತ್ರ ದಾರಿ ಇಲ್ಲ."

"ಈಗ ಎಂತ ಮಾಡುದು?"

"ಒಂದು ಮಡಿಕೆಯ ಹಿಂದಿನ ತುದಿಯನ್ನು ಬಾಯಿಯ ಮೂಲಕವೇ ಲೇಸರಿನಲ್ಲಿ ಸ್ವಲ್ಪ ಕತ್ತರಿಸುದು. ಉಸಿರಿಗೆ ದಾರಿ ಆಗ್ತದೆ, ಈ ನಳಿಗೆ ತೆಗೀಬಹುದು. ಆದ್ರೆ ಸ್ವರ ಮೊದಲಿನ ಹಾಗೆ ಇರ್ಲಿಕ್ಕಿಲ್ಲ. ಗಾಳಿ ಸೋರಿದ ಹಾಗೆ ಇರ್ತದೆ. ಕತ್ತರಿಸಿದ್ದನ್ನು ಮತ್ತೆ ಜೋಡಿಸ್ಲಿಕ್ಕೆ ಬರುದಿಲ್ಲ."

"ಕೂಗ್ಲಿಕ್ಕೆ ಆಗ್ತದಾ?" ಕುಮುದಿನಿ ನಳಿಗೆ ಮುಚ್ಚಿ ಕೇಳಿದಳು.

ಡಾಕ್ಟರು ಪೆನ್ನು ಕೆಳಗಿಟ್ಟರು. "ಕಷ್ಟ."

"ತೆಗೀರಿ ಡಾಕ್ಟ್ರೆ" ಎಂದಳು ಮೋಕ್ಷಾ. "ಎಷ್ಟು ಬೇಕೋ ಅಷ್ಟು ತೆಗೀರಿ. ಸ್ವರ ಹೋದ್ರೆ ಹೋಗ್ಲಿ."

ಕುಮುದಿನಿಯ ಹೆಬ್ಬೆರಳು ಟಪ್ಪೆಂದು ನಳಿಗೆಗೆ ಬಿತ್ತು. "ಗಂಟಲು ನಿಂದಾ ನಂದಾ?"

ಡಾಕ್ಟರು ನಗು ತಡೆದುಕೊಂಡು ಹತ್ತು ದಿನ ಯೋಚಿಸಿ ಬನ್ನಿ ಎಂದರು. ಬಾಗಿಲವರೆಗೆ ಬಂದು ಇನ್ನೊಂದು ಮಾತೂ ಹೇಳಿದರು. "ಮಾತಾಡುವಾಗ ಬೆರಳು ಮಾತ್ರ. ಬೇರೆ ಎಂತದ್ರಿಂದಲೂ ಮುಚ್ಲಿಕ್ಕೆ ಹೋಗ್ಬೇಡಿ ಆಯ್ತಾ."

ಸ್ವರ ಎಂದರೆ ಕುಮುದಿನಿಗೆ ಏನು ಎನ್ನುವುದು ತಿಳಿಯಬೇಕಾದರೆ ಮೀನು ಬಂದರಿನ ದಕ್ಕೆಯ ಏಲಂ ನೋಡಿರಬೇಕು. ಬೆಳಕು ಹರಿಯುವ ಹೊತ್ತಿಗೆ ಬೋಟುಗಳು ಬಂದು, ಮೀನು ಇಳಿದು, ಸಿಮೆಂಟಿನ ಮೇಲೆ ರಾಶಿ ಬೀಳುತ್ತದೆ. ರಾಶಿಯ ನಡುವೆ ನಿಂತು ಏಲಂ ಕರೆಯುವವರು ಅಬ್ದುಲ್ಲ. ಅವರದೊಂದು ಕ್ರಮ. ಏಲಂ ಶುರುವಾಯಿತೆಂದರೆ ಮುಗಿಯುವ ತನಕ ಅವರ ಕಣ್ಣು ಮೀನಿನ ಮೇಲಿಂದ ಏಳುವುದಿಲ್ಲ. ಯಾರು ಕೂಗಿದರೋ ಅವರ ಸ್ವರ ಹಿಡಿದು ಹೆಸರು ಹೇಳುತ್ತಾರೆ. ಮುಖ ನೋಡಿದರೆ ಮುಲಾಜು ಬರುತ್ತದೆ, ನೆಂಟ, ನೆರೆಮನೆಯವ, ಹೋಟೆಲಿನವ ಎಂದೆಲ್ಲ ಮನಸ್ಸು ವಾಲುತ್ತದೆ, ಕಿವಿಗೆ ಆ ತಾಪತ್ರಯ ಇಲ್ಲ ಎಂದು ಅವರ ಬಾಪ ಕಲಿಸಿದ್ದಂತೆ. ದಕ್ಕೆಯಲ್ಲಿ ಅಬ್ದುಲ್ಲರ ರಾಶಿಯ ಮೇಲೆ ಜಗಳ ಕಡಿಮೆ ಇದ್ದದ್ದು ಇದಕ್ಕೇ.

ಆದರೆ ಸ್ವರ ಇಲ್ಲದವರಿಗೆ ಅಲ್ಲಿ ಮೀನೂ ಇಲ್ಲ.

ಕುಮುದಿನಿ ಮತ್ತು ಇನ್ನು ನಾಲ್ಕು ಹೆಂಗಸರು ಸೇರಿ ಒಂದು ರಾಶಿ ಹಿಡಿದು, ಐದು ಪಾಲು ಮಾಡಿ, ಬುಟ್ಟಿ ಹೊತ್ತು ಬೇರೆಬೇರೆ ಕಡೆ ಹೋಗುವವರು. ಒಬ್ಬೊಬ್ಬರಾಗಿ ಕೂಗಿದರೆ ದೊಡ್ಡ ವ್ಯಾಪಾರಿಗಳ ಎದುರು ನಿಲ್ಲಲಿಕ್ಕಾಗದು. ಐದೂ ಮಂದಿಗೆ ಕೂಗುವ ಗಂಟಲು ಒಂದೇ, ಕುಮುದಿನಿಯದು. ಇಪ್ಪತ್ತಾರು ವರ್ಷ ಅವಳು ಹಿಂದಿನ ಕಂಬಕ್ಕೆ ಒರಗಿ ನಿಂತು, ಮುಂದಿನ ಎಂಬತ್ತು ತಲೆಗಳ ಮೇಲಿಂದ ತನ್ನ ಕರೆಯನ್ನು ದಾಟಿಸುತ್ತಿದ್ದಳು. ಮುಂದೆ ಹೋಗಿ ನೂಕುವ ಅಗತ್ಯವೇ ಬಿದ್ದದ್ದಿಲ್ಲ.

ಎಂಟು ತಿಂಗಳಿನಿಂದ ಕಂಬ ಖಾಲಿ. ನೀರು, ಮಂಜುಗಡ್ಡೆ, ಎರಚುವ ಉಪ್ಪುನೀರು ಇರುವಲ್ಲಿಗೆ ತೂತಿನ ಕುತ್ತಿಗೆ ಹಿಡಿದುಕೊಂಡು ಹೋಗಬಾರದೆಂದು ಅಪ್ಪಣೆಯಾಗಿತ್ತು. ಹೋದರೂ, ಒಂದು ಕೈ ನಳಿಗೆಗೇ ಬೇಕು. ಒಂಟಿ ಕೈಯಲ್ಲಿ ಕ್ರೇಟ್ ಎತ್ತುವುದು ಹೇಗೆ? ಉಳಿದ ನಾಲ್ವರು ಈಗ ಹೋಟೆಲುಗಳಿಗೆ ಮೀನು ಹಾಕುವ ರಾಯ್‌ಸ್ಟನ್ ಏಲಂನಲ್ಲಿ ಹಿಡಿದು, ಬೇಡವೆಂದು ಬಿಟ್ಟದ್ದನ್ನು ಅವನ ಹತ್ತಿರವೇ ಕೇಳಿ ತರುತ್ತಿದ್ದರು. ಅವರಲ್ಲೊಬ್ಬಳು ವಾರಿಜ, ದಿನಾ ಬಂದು ವರದಿ ಒಪ್ಪಿಸುತ್ತಿದ್ದಳು.

"ಇವತ್ತು ಬಂಗುಡೆ ಹೊಟ್ಟೆ ಒಡೆದದ್ದು, ಮಾರಾಯ್ತಿ. ಬೆಕ್ಕು ಸಹ ಮೂಸಿ ನೋಡಿ ಹೋಯ್ತು. ನೀನು ಯಾವಾಗ ಬರ್ತಿ?"

ಕುಮುದಿನಿ ಹೊಯಿಗೆಬಜಾರಿನ ಮನೆಯ ಅಂಗಳದಲ್ಲಿ ಗುಡಿಸಿದ್ದನ್ನೇ ಗುಡಿಸುತ್ತಿದ್ದಳು. ಪಾತ್ರೆ ಕಪಾಟಿನಿಂದ ತೆಗೆದು ತೊಳೆದು ಮತ್ತೆ ಇಡುತ್ತಿದ್ದಳು. ಕೂತರೆ ಎದ್ದು, ಎದ್ದರೆ ಗೇಟಿಗೆ ಹೋಗಿ, ಗೇಟಿನಿಂದ ನದಿಯ ಬದಿಗೆ ಕಿವಿ ಕೊಟ್ಟು, ಬೋಟಿನ ಇಂಜಿನು ಕೇಳಿದರೆ ಇದು ಇಂಥವರದೆಂದು ತನ್ನಷ್ಟಕ್ಕೇ ಬಾಯಿ ಆಡಿಸುತ್ತಿದ್ದಳು. ನಳಿಗೆ ಇದ್ದರೆ ಸ್ವರ ಉಂಟು, ದಕ್ಕೆ ಇಲ್ಲ. ನಳಿಗೆ ತೆಗೆದರೆ ದಕ್ಕೆ ಉಂಟು, ಸ್ವರ ಇಲ್ಲ. ಯಾವ ಬದಿಯಿಂದ ಮಗುಚಿ ಹಾಕಿದರೂ ಲೆಕ್ಕ ಸರಿ ಬರಲಿಲ್ಲ.

ಅವಳ ಗಂಡ ದೇವದಾಸ್ ಮೂವತ್ತು ವರ್ಷ ಬೋಟಿನಲ್ಲಿ ದುಡಿದು, ಮೊಣಕಾಲು ಕೈಕೊಟ್ಟ ಮೇಲೆ ಮನೆಯಲ್ಲೇ ಬಲೆ ಹೆಣೆದುಕೊಡುವವನು. ಮಾತು ಕಡಿಮೆ. ಹೆಂಡತಿ ಅಂಗಳದಲ್ಲಿ ಸುತ್ತುವುದನ್ನು ನಾಲ್ಕು ದಿನ ನೋಡಿದ. ಐದನೇ ದಿನ ಬಲೆಯಿಂದ ಒಂದು ಬೆಂಡು ಬಿಚ್ಚಿದ. ಬಲೆಯ ಮೇಲಂಚು ಮುಳುಗದ ಹಾಗೆ ಪೋಣಿಸುತ್ತಾರಲ್ಲ, ಆ ಹಗುರದ ಬೆಂಡು. ಚೂರಿಯಲ್ಲಿ ಅದರ ತುಂಡನ್ನು ಕೆತ್ತಿ ಕೆತ್ತಿ, ಬೆರಳ ತುದಿಯಷ್ಟು ಸಣ್ಣ ಬಿರಡೆ ಮಾಡಿದ. ನಳಿಗೆಯ ಬಾಯಿಗೆ ಹಿಡಿದು ನೋಡಿದ, ಮತ್ತೆ ಕೆತ್ತಿದ. ಬಿಸಿನೀರಿನಲ್ಲಿ ಕುದಿಸಿ ಒಣಗಿಸಿದ. ಬೋಟಿನವರಿಗೆ ಎಲ್ಲವನ್ನೂ ಕಟ್ಟಿಯೇ ಇಡುವ ಅಭ್ಯಾಸ. ಅವನ ಮನೆಯಲ್ಲಿ ಟಾರ್ಚಿಗೂ ಕನ್ನಡಕಕ್ಕೂ ದಾರ ಉಂಟು. ಬಿರಡೆಗೂ ಬಲೆಯ ನೈಲಾನು ದಾರ ಕಟ್ಟಿ, ಹೆಂಡತಿಯ ಕುತ್ತಿಗೆಗೆ ಸರದ ಹಾಗೆ ಹಾಕಿದ.

"ಬೆರಳು ಬೇಡ ಇನ್ನು. ಎರಡು ಕೈಯೂ ನಿಂದೇ."

"ಡಾಕ್ಟ್ರು ಬೇರೆ ಎಂತದ್ರಿಂದಲೂ ಮುಚ್ಬೇಡಿ ಅಂದಿದ್ದಾರೆ."

"ಬೇರೆ ಎಂತದ್ದೋ ಅಲ್ಲ ಇದು, ಬೆಂಡು. ನೀರಿಗೆ ಬಿದ್ದವನ ಉಸಿರು ಉಳಿಸುವ ವಸ್ತು. ಅದು ಉಸಿರು ಕಟ್ಟಿಸ್ತದಾ?"

ಸಮುದ್ರದಲ್ಲಿ ಎರಡು ಸಲ ಬೆಂಡಿನ ಹಗ್ಗ ಹಿಡಿದು ಬದುಕಿ ಬಂದವನ ಮಾತು ಅದು. ಕುಮುದಿನಿಗೂ ಸುಳ್ಳೆನಿಸಲಿಲ್ಲ. ಬಿರಡೆ ಒತ್ತಿ ಅರ್ಧ ಗಂಟೆ ಕೂತಳು. ಸ್ವಲ್ಪ ಬಿಗಿ, ಅಷ್ಟೇ. ಎರಡೂ ಕೈಯಲ್ಲಿ ಬಂಗುಡೆಯ ಹುರುಪೆ ಕೆರೆದಳು, ಕೆರೆಯುತ್ತಾ ವಾರಿಜಳನ್ನು ಬೈದಳು, ಹಾಡಿನ ಎರಡು ಸಾಲು ಗುನುಗಿದಳು. ದೇವದಾಸ್ ಮೀಸೆಯಡಿಯಲ್ಲೇ ನಕ್ಕ. ಕೂತವಳಿಗೆ ಸಾಲುವ ಉಸಿರು ನಡೆಯುವವಳಿಗೆ ಸಾಲದು ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ಮೋಕ್ಷಾಳಿಗೆ ಹೇಳುವುದು ಬೇಡವೆಂದು ಮಾತ್ರ ಇಬ್ಬರಿಗೂ ಒಟ್ಟಿಗೇ ಹೊಳೆಯಿತು.

ಮರುದಿನ ಬೆಳಗ್ಗೆ, ಸೆರಗನ್ನು ಕುತ್ತಿಗೆಯ ಸುತ್ತ ಎಳೆದುಕೊಂಡು, ಕುಮುದಿನಿ ದಕ್ಕೆಗೆ ಹೋದಳು. ಹೋಗುವಾಗ ನಳಿಗೆ ತೆರೆದೇ ಇತ್ತು. ಕಂಬಕ್ಕೆ ಒರಗಿ ನಿಂತ ಮೇಲೆ ಬಿರಡೆ ಒತ್ತಿದಳು. ವಾರಿಜ ಅವಳ ಕೈ ಹಿಡಿದು ಕುಣಿಯುವುದೊಂದು ಬಾಕಿ.

ಬಂಗುಡೆಯ ರಾಶಿ ಮಿರಮಿರ ಮಿಂಚುತ್ತಿತ್ತು. ಬಿಳಿ ಟೊಪ್ಪಿಯ ಅಬ್ದುಲ್ಲ ತಲೆ ತಗ್ಗಿಸಿ ಕರೆಯಲು ಶುರು ಮಾಡಿದರು. ರಾಯ್‌ಸ್ಟನ್ ಏರಿಸಿದ. ಇನ್ಯಾರೋ ಏರಿಸಿದರು. ರಾಯ್‌ಸ್ಟನ್ ಮತ್ತೆ ಏರಿಸಿದ. ಆಗ ಹಿಂದಿನ ಕಂಬದಿಂದ, ಎಂಬತ್ತು ತಲೆಗಳನ್ನು ದಾಟಿ, ಎಂಟು ತಿಂಗಳಿನಿಂದ ಕೇಳದಿದ್ದ ಕರೆ ಬಂತು.

ಅಬ್ದುಲ್ಲರ ಕೈಯ ಕೋಲು ಅರೆಕ್ಷಣ ಗಾಳಿಯಲ್ಲೇ ನಿಂತಿತು. ಕಣ್ಣು ಏಳಲಿಲ್ಲ. "ಕುಮುದಿನಕ್ಕ" ಎಂದರು. ಮತ್ತೊಮ್ಮೆ ಕರೆದರು, ಮಗದೊಮ್ಮೆ ಕರೆದರು. ರಾಯ್‌ಸ್ಟನ್ ಬಾಯಿ ಬಿಡಲಿಲ್ಲ. ರಾಶಿ ಐವರದಾಯಿತು.

ಎರಡು ಕೈ! ಕುಮುದಿನಿ ಕಂಬ ಬಿಟ್ಟು ಮುಂದೆ ನುಗ್ಗಿದಳು. ಮೀನು ಬಾಚಿ ಬಾಚಿ ಕ್ರೇಟಿಗೆ ತುಂಬಿದಳು. ವಾರಿಜ ಬಿಡೇ ಬಿಡೇ ಎನ್ನುತ್ತಿದ್ದಂತೆ ಕ್ರೇಟನ್ನು ಸೊಂಟದ ಮಟ್ಟಕ್ಕೆ ಎತ್ತಿ ಹತ್ತು ಹೆಜ್ಜೆ ನಡೆದಳು. ಹನ್ನೊಂದನೆಯದಕ್ಕೆ ಎದೆ ಬೇಡಿದ ಗಾಳಿ ಬರಲಿಲ್ಲ.

ಗಂಟಲೊಳಗಿಂದ ಸೀಟಿ ಹೊರಟಿತು. ಒಳಗೆ ಎಳೆದುಕೊಂಡಷ್ಟೂ ದಾರಿ ಕಿರಿದಾಯಿತು. ಕ್ರೇಟ್ ಬಿತ್ತು. ಬಿರಡೆಗೆ ಕೈ ಹಾಕಿದಳು, ಬೆರಳುಗಳೆಲ್ಲ ಮೀನಿನ ಲೋಳೆ, ಜಾರಿತು. ಮತ್ತೆ ಹಾಕಿದಳು, ಮತ್ತೆ ಜಾರಿತು. ಕಣ್ಣೆದುರಿಗೆ ದಕ್ಕೆಯೆಲ್ಲ ಬೆಳ್ಳಗಾಗತೊಡಗಿತು. ಸುತ್ತಲಿನವರು ಮುಂದಿನ ರಾಶಿಯ ಗೌಜಿ ಗದ್ದಲದಲ್ಲಿದ್ದರು. ಕ್ರೇಟ್ ಬೀಳುವುದು ಅಲ್ಲಿ ಹೊಸತಲ್ಲ.

ಆ ಗೌಜಿಯೊಳಗೆ ಸೀಟಿಯನ್ನು ಕೇಳಿದ್ದು ಅಬ್ದುಲ್ಲ. ಏಲಂ ಅರ್ಧದಲ್ಲಿತ್ತು. ಅವರು ತಲೆ ಎತ್ತಿದರು. ಎತ್ತಿ, ಜನ ಸೀಳಿಕೊಂಡು ಅವಳ ಬೆರಳು ಬಿರಡೆಯಿಂದ ಜಾರುವುದನ್ನು ನೋಡಿ, ಕೋಲು ಚಾಚಿ ಕಿರುಚಿದರು.

"ಹೋಯ್, ದಾರ! ದಾರ ಎಳೀರಿ! ಅವರ ಕುತ್ತಿಗೆಯ ದಾರ!"

ವಾರಿಜ ದಾರ ಹಿಡಿದು ಎಳೆದಳು. ಬಿರಡೆ ಟುಪ್ಪೆಂದು ಹಾರಿತು. ಗಾಳಿ ಒಳಗೆ ನುಗ್ಗಿದ ರಭಸಕ್ಕೆ ಕುಮುದಿನಿ ಕೆಮ್ಮಿ ಕೆಮ್ಮಿ ನೆಲಕ್ಕೆ ಕೂತಳು.

ಬೋರಲು ಹಾಕಿದ ಕ್ರೇಟಿನ ಮೇಲೆ ಅವಳನ್ನು ಕೂರಿಸಿದ ಮೇಲೆ ಅಬ್ದುಲ್ಲ ಬಂದು ನಿಂತರು. ಟೊಪ್ಪಿ ಕೈಯಲ್ಲಿತ್ತು. "ಅಕ್ಕ, ನಿಮ್ಮ ಸ್ವರ ಕೇಳಿ ಎಷ್ಟು ಖುಷಿಯಾಯ್ತು ಗೊತ್ತುಂಟಾ. ಆಮೇಲೆ ಆ ಉಸಿರು ಕೇಳಿದ್ನಲ್ಲ, ನನ್ನ ಕೈಕಾಲು ಹೋಯ್ತು. ಸ್ವರ ಬೇಡ ಮಾರಾಯ್ರೆ. ನಾಳೆಯಿಂದ ನಿಮ್ಮದೊಂದು ಮುಖ ನಾನು ನೋಡ್ತೇನೆ. ನೀವು ಕೈ ಎತ್ತಿದ್ರೆ ಸಾಕು."

ಕುಮುದಿನಿ ಹೆಬ್ಬೆರಳನ್ನು ನಳಿಗೆಗೆ ಇಟ್ಟಳು. "ನನ್ನ ಮುಖ ನೋಡಿದ್ರೆ ನಾಡಿದ್ದು ರಾಯ್‌ಸ್ಟನ್‌ನ ಮುಖವೂ ನೋಡ್ಬೇಕಾಗ್ತದೆ ಅಬ್ದುಲ್ಲಾಕ. ಬೇಡ. ನೋಡ್ಬೇಡಿ."

ಸುದ್ದಿ ಅವಳಿಗಿಂತ ಮೊದಲೇ ಮನೆ ಮುಟ್ಟಿತ್ತು. ಮೋಕ್ಷಾ ಮೊಬೈಲ್ ಅಂಗಡಿಯ ಕೆಲಸಕ್ಕೆ ಹೊರಟವಳು ಚಪ್ಪಲಿಯಲ್ಲೇ ಅಡುಗೆಮನೆಯೊಳಗೆ ನಿಂತಿದ್ದಳು. ದಿನಾ ಎರಡು ಹೊತ್ತು ನಳಿಗೆಯ ಒಳಗಿನ ಕಫ ಎಳೆದು ತೆಗೆದು ಸ್ವಚ್ಛ ಮಾಡುವವಳು ಅವಳೇ.

"ಅಂಗಡಿಯಲ್ಲಿ ನಿಂತು ಹತ್ತು ಸಲ ಫೋನ್ ನೋಡ್ತೇನೆ, ಅಮ್ಮನಿಗೆ ಉಸಿರು ಉಂಟಾ ಇಲ್ವಾಂತ. ಇಲ್ಲಿ ನೀವಿಬ್ರು ಬೆಂಡು ಕೆತ್ತಿ ಆಟ ಆಡ್ತೀರಾ? ಅಪ್ಪ, ನಿಮ್ಗೆ ಬುದ್ಧಿ ಉಂಟಾ?"

ದೇವದಾಸ್ ಹೆಂಡತಿಯ ಕುತ್ತಿಗೆಯಿಂದ ದಾರ ಬಿಚ್ಚಿ, ಬಿರಡೆಯನ್ನು ಬೆರಳ ನಡುವೆ ಹೊರಳಿಸಿದ. ಆಮೇಲೆ ಅದನ್ನು ಒಯ್ದು ಬಲೆಯಲ್ಲಿ ತೆಗೆದ ಜಾಗಕ್ಕೇ ಪೋಣಿಸಿದ. ಅಷ್ಟು ಸಣ್ಣ ತುಂಡು ಅಲ್ಲಿ ಯಾವ ಉಪಯೋಗಕ್ಕೂ ಇಲ್ಲ.

ಹತ್ತನೇ ದಿನ ಡಾಕ್ಟರ್ ಶಮೀಮಾರ ಮುಂದೆ ಕುಮುದಿನಿ ಎಲ್ಲವನ್ನೂ ಒಪ್ಪಿಸಿದಳು. ಡಾಕ್ಟರು ಬಯ್ದರು. ಗಂಟೆ ಹೊಡೆದ ಹಾಗೆ ಬಯ್ದರು. ಬೈಗುಳ ಮುಗಿಯುವ ತನಕ ಅವಳು ಮೇಜಿನ ಮೇಲಿನ ಪೇಪರುಗಳ ಅಂಚು ಸರಿ ಮಾಡುತ್ತಿದ್ದಳು. ಆಮೇಲೆ ಕೇಳಿದಳು.

"ಡಾಕ್ಟ್ರೆ, ನಿಮ್ಮ ಮನೆಗೆ ಅಂಜಲ್ ಮೀನು ತರ್ತೀರಿ ಅಲ್ವಾ?"

"ತರ್ತೇವೆ. ಅದಕ್ಕೂ ಇದಕ್ಕೂ ಎಂತ?"

"ನಾನು ಅಂಜಲ್ ಕತ್ತರಿಸುವಾಗ ಗಿರಾಕಿಗೆ ಎಷ್ಟು ಬೇಕೂಂತ ಮೊದಲೇ ಕೇಳುದಿಲ್ಲ. ಅವ್ರಿಗೆ ಹೇಳ್ಲಿಕ್ಕೆ ಗೊತ್ತಾಗುದಿಲ್ಲ. ಒಂದು ತೆಳು ತುಂಡು ಕತ್ತರಿಸಿ ಕೈಯಲ್ಲಿಟ್ಟು, ಸಾಕಾ ಅಂತ ಕೇಳ್ತೇನೆ. ಸಾಕಾಗದಿದ್ರೆ ಇನ್ನೊಂದು. ದಪ್ಪ ಕತ್ತರಿಸಿಬಿಟ್ರೆ ನಾನು ಎಂತ ಮಾಡುದು, ಅಂಟಿಸ್ಲಿಕ್ಕೆ ಆಗ್ತದಾ? ನನ್ನ ಗಂಟಲನ್ನೂ ಹಾಗೇ ಕತ್ತರಿಸಿ. ಒಂದು ತೆಳು ತುಂಡು. ಆಮೇಲೆ ನನ್ನನ್ನು ಕೇಳಿ."

"ಅಮ್ಮ, ಸಾಕಾಗದಿದ್ರೆ ಇನ್ನೊಂದು ಸಲ ಆಪರೇಶನ್ನಾ?" ಮೋಕ್ಷಾಳ ಸ್ವರ ಅಳುವಿಗೆ ಬಂತು.

"ಹೌದು" ಎಂದರು ಡಾಕ್ಟರು. "ಸಾಕಾಗದಿದ್ರೆ ಇನ್ನೊಮ್ಮೆ ಮಲಗ್ಬೇಕು. ಇನ್ನೊಮ್ಮೆ ಅರಿವಳಿಕೆ, ಇನ್ನೊಮ್ಮೆ ಹೆದರಿಕೆ. ಅದಕ್ಕೆ ತಯಾರುಂಟಾ ನೀವು?"

ಕುಮುದಿನಿ ಮಗಳ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಎಂಟು ತಿಂಗಳಿನಿಂದ ಸಾಬೂನು ಹಾಕಿ ಹಾಕಿ ಬಿಳಿಚಿದ ಬೆರಳುಗಳು. "ಉಸಿರು ಬೇಕು ಅಂತ ನಂಗೂ ಗೊತ್ತಾಯ್ತು. ಇವಳ ಕೈಗೂ ರಜೆ ಬೇಕು. ಆದ್ರೆ ಒಮ್ಮೆಲೇ ಎಲ್ಲ ಕೊಟ್ಟು ಬರುದಿಲ್ಲ ನಾನು."

"ಆಯ್ತು" ಎಂದರು ಡಾಕ್ಟರು. "ತೆಳು ತುಂಡು."

ಬುಧವಾರ ಆಪರೇಶನ್ ಆಯಿತು. ಹೊರಗೆ ಗಾಯ ಕಾಣದು, ಹೊಲಿಗೆ ಇಲ್ಲ. ಬಾಯೊಳಗೆ ಸುಟ್ಟ ರುಚಿ ಮಾತ್ರ. ಒಂದು ವಾರ ಮಾತಿಲ್ಲ, ಪಿಸುಮಾತೂ ಇಲ್ಲ. ನೀರು ಕುಡಿಯುವಾಗ ಗದ್ದ ಎದೆಗೆ ತಾಗಬೇಕು, ಗುಟುಕು ಸಣ್ಣದಿರಬೇಕು. ಕುಮುದಿನಿ ವಾರ್ಡಿನಲ್ಲಿ ಮಲಗಲಾರದೆ, ಅಕ್ಕಪಕ್ಕದ ಹಾಸಿಗೆಗಳ ಕೆಳಗಿನ ಚಪ್ಪಲಿಗಳನ್ನೆಲ್ಲ ಜೋಡಿ ಜೋಡಿ ಸಾಲಾಗಿಟ್ಟಳು. ನೋಡಿಕೊಳ್ಳಲು ಬಂದ ದೇವದಾಸ್, ಮದುವೆಯಾದಂದಿನಿಂದ ಮೊದಲ ಬಾರಿ ಒಂದು ಕಥೆಯನ್ನು ಪೂರ್ತಿ ಹೇಳಿ ಮುಗಿಸಿದ. ಮಲ್ಪೆಯ ಆಚೆ ಬಲೆ ಹರಿದ ಕಥೆ. ನಡುವೆ ಎರಡು ತಪ್ಪು ಹೇಳಿದ. ತಿದ್ದಲಾಗದೆ ಅವಳು ಹಾಸಿಗೆಯ ಕಬ್ಬಿಣಕ್ಕೆ ಚಮಚದಲ್ಲಿ ಬಡಿದಳು.

ಆರು ವಾರ ಕಳೆದು ಗಂಟಲೊಳಗೆ ಕ್ಯಾಮೆರಾದ ಕೊಳವೆ ಹಾಕಿ ನೋಡಿ, ಬಾವು ಇಳಿದಿದೆ ಎಂದರು. ಮತ್ತೆ ಆಸ್ಪತ್ರೆಯಲ್ಲೇ ಮಲಗಿಸಿ ನಳಿಗೆಯ ಬಾಯಿಗೆ ಅದರದೇ ಮುಚ್ಚಳ ಹಾಕಿದರು. ಬೆರಳಿಗೆ ಸಿಕ್ಕಿಸಿದ ಯಂತ್ರದಲ್ಲಿ ಉಸಿರಿನ ಅಂಕಿ ನೋಡುತ್ತಾ ನರ್ಸು ಪಕ್ಕದಲ್ಲಿ. ಮುಚ್ಚಳ ಬಿದ್ದ ಸದ್ದಿಗೇ ಅವಳ ಮೈ ಬೆವರಿತು, ಕೈ ತಾನಾಗಿ ಕುತ್ತಿಗೆಯ ದಾರ ಹುಡುಕಿತು. ದಾರ ಇರಲಿಲ್ಲ. ಉಸಿರು ಮಾತ್ರ ಇತ್ತು. ಕೂತಾಗ ಇತ್ತು, ನಿಂತಾಗ ಇತ್ತು, ನಡೆದಾಗಲೂ ಇತ್ತು. ಮರುದಿನ ನರ್ಸಿನ ಜೊತೆ ಎರಡು ಮಾಳಿಗೆ ಮೆಟ್ಟಿಲು ಹತ್ತಿಸಿದರು. ಸಣ್ಣ ಸೊರಸೊರ ಬಂತು, ನಿಲ್ಲಬೇಕಾಗಲಿಲ್ಲ. ಆಮೇಲೆ ನಳಿಗೆ ತೆಗೆದು ತೂತಿಗೆ ಬ್ಯಾಂಡೇಜು ಒತ್ತಿದರು. ಇನ್ನು ತಾನಾಗಿ ಕೂಡಿಕೊಳ್ಳುತ್ತದೆ, ಕೆಮ್ಮುವಾಗ ಮಾತಾಡುವಾಗ ಅದುಮಿ ಹಿಡಿಯಿರಿ ಎಂದರು.

"ಉಸಿರು ಸಾಕಾ?" ಡಾಕ್ಟರ್ ಶಮೀಮಾ ಕೇಳಿದರು.

"ಈಗಲೇ ಹೇಳ್ಲಿಕ್ಕಾಗುದಿಲ್ಲ" ಎಂದಳು ಕುಮುದಿನಿ. "ದಕ್ಕೆಗೆ ಹೋಗಿ ಬಂದು ಹೇಳ್ತೇನೆ."

ಹೇಳಿದ ಸ್ವರ ಕೇಳಿ ಅವಳೇ ಸುತ್ತ ನೋಡಿದಳು. ಸೈಕಲ್ ಟ್ಯೂಬಿನಿಂದ ಗಾಳಿ ಹೋಗುವಾಗ ನಡುವೆ ಯಾರೋ ಮಾತು ಸೇರಿಸಿದ ಹಾಗೆ. ಮನೆಯಲ್ಲಿ, ಕೋಣೆಯಿಂದ "ಇವ್ರೇ" ಎಂದು ಕರೆದಳು. ಜಗಲಿಯಲ್ಲಿ ಬಲೆ ಹಿಡಿದು ಕೂತ ದೇವದಾಸ್ ತಿರುಗಲಿಲ್ಲ. ಮತ್ತೆ ಕರೆದಳು. ಅವನ ಕೈಯ ಸೂಜಿ ಆಡುತ್ತಲೇ ಇತ್ತು. ಹತ್ತು ಅಡಿಯೂ ಇಲ್ಲ. ಅವಳು ಎದ್ದು ಹೋಗಿ ಅವನ ಭುಜ ಮುಟ್ಟಿದಳು. ಯಾಕೆ ಕರೆದದ್ದೆಂಬುದು ಅಷ್ಟರಲ್ಲಿ ಮರೆತುಹೋಗಿತ್ತು.

ತೂತು ಪೂರ್ತಿ ಕೂಡಿ, ಡಾಕ್ಟರು ಒಪ್ಪಿಗೆ ಕೊಟ್ಟ ಮೇಲೆ, ಕುಮುದಿನಿ ದಕ್ಕೆಗೆ ಹೋಗಿ ಕಂಬಕ್ಕೆ ಒರಗಿದಳು. ಬೂತಾಯಿ ಮೀನಿನ ರಾಶಿ. ಸಮಯ ನೋಡಿ ಕೂಗಿದಳು. ಮುಂದೆ ನಿಂತವನ ಅಂಗಿಯ ಬೆನ್ನು ಸಹ ಅಲುಗಲಿಲ್ಲ. ಇನ್ನೂ ಗಟ್ಟಿಯಾಗಿ ಕೂಗಿದಳು, ಗಟ್ಟಿಯಾದದ್ದು ಗಾಳಿ ಮಾತ್ರ. ರಾಶಿ ರಾಯ್‌ಸ್ಟನ್‌ನದಾಯಿತು. ನಾಲ್ವರು ಹೆಂಗಸರು ಖಾಲಿ ಬುಟ್ಟಿಗಳನ್ನು ಎತ್ತಿಕೊಂಡರು. ಬಾಯಿ ಮುಚ್ಚಿ ಗೊತ್ತೇ ಇಲ್ಲದ ವಾರಿಜ ಸಹ ಮಂಜುಗಡ್ಡೆಯನ್ನು ಕಾಲಿನಿಂದ ಒದೆಯುತ್ತಾ ನಿಂತಳು. ಬೈದಿದ್ದರೆ ಒಳ್ಳೆಯದಿತ್ತು.

"ಟೀಚರುಗಳು ಹಾಕ್ತಾರಲ್ಲ, ಸೊಂಟಕ್ಕೆ ಕಟ್ಟುವ ಮೈಕು, ಅದು ತರ್ತೇನೆ" ಎಂದಳು ಮೋಕ್ಷಾ ಸಂಜೆ.

"ಮೈಕ್ ಹಾಕ್ಲಿಕ್ಕೆ ನಾನೆಂತ ಎಲೆಕ್ಷನ್ನಿಗೆ ನಿಂತಿದ್ದೇನಾ?"

"ಮತ್ತೆ ಎಂತ ಮಾಡ್ತಿ?"

ಅವಳಿಗೂ ಗೊತ್ತಿರಲಿಲ್ಲ. ಅಂಗಳಕ್ಕಿಳಿದು ನಡೆಯತೊಡಗಿದಳು. ಗೇಟಿಗೆ, ಬಾವಿಕಟ್ಟೆಗೆ, ಗೇಟಿಗೆ. ಬೇಗ ಬೇಗ ನಡೆದಳು. ಇಪ್ಪತ್ತು ಸುತ್ತು ಕಳೆದ ಮೇಲೆ ಗಕ್ಕನೆ ನಿಂತಳು. ನಿಂತದ್ದು ದಣಿವಿಗಲ್ಲ. ಇಪ್ಪತ್ತು ಸುತ್ತು ಬಂದರೂ ದಣಿಯಲಿಲ್ಲವೆಂದು ನಿಂತದ್ದು. ಬಾಯಿ ಮುಚ್ಚಿಯೇ ಉಸಿರಾಡುತ್ತಿದ್ದಳು. ಸಂಜೆಗಾಳಿ ಮೂಗಿನಲ್ಲೇ ಒಳಗೆ ಹೋಗುತ್ತಿತ್ತು, ಉಪ್ಪಿನ ವಾಸನೆ, ಡೀಸೆಲಿನ ವಾಸನೆ, ಯಾರದೋ ಮನೆಯ ಮೀನು ಸಾರಿನ ವಾಸನೆ.

ಗಂಡನ ಎದುರು ಹೋಗಿ ನಿಂತಳು. "ನಾಳೆ ನಾನು ಬೇಗ ಹೋಗ್ತೇನೆ. ಎಲ್ಲರಿಗಿಂತ ಮೊದಲು."

"ಮೊದಲು ಹೋಗಿ?"

"ಮುಂದೆ ನಿಲ್ತೇನೆ."

ದೇವದಾಸ್‌ಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ದಕ್ಕೆಯಲ್ಲಿ ಮುಂದಿನ ಸಾಲೆಂದರೆ ಹುಡುಗಾಟವಲ್ಲ. ರಾಶಿ ಬೀಳುವ ಮೊದಲೇ ಹೋಗಿ, ಕ್ರೇಟು ಹೊತ್ತವರ ನಡುವೆ ನುಸುಳಿ, ಮೊಣಕೈಗಳ ಎದುರು ಊರಿ ನಿಲ್ಲಬೇಕು. ಗಂಟಲಿದ್ದವಳಿಗೆ ಅದು ಬೇಕಿರಲಿಲ್ಲ. ನಳಿಗೆ ಇದ್ದವಳಿಗೆ ಅದು ಆಗುತ್ತಿರಲಿಲ್ಲ.

ಮರುದಿನ ಅವಳು ಹೊಯಿಗೆಬಜಾರಿನಿಂದ ಹೊರಟ ನಡಿಗೆ ಅರ್ಧ ಓಟ. ಟೆಂಪೋಗಳ ನಡುವೆ, ಬಲೆಯ ಗುಡ್ಡೆಗಳ ಬದಿಯಲ್ಲಿ, ಮಂಜುಗಡ್ಡೆಯ ಯಂತ್ರ ಚೂರುಗಳನ್ನು ಉಗುಳುವಲ್ಲಿ ಎಲ್ಲೂ ನಿಲ್ಲಲಿಲ್ಲ. ಗಂಟಲು ಸಣ್ಣಗೆ ಸೊರಗುಟ್ಟಿತು. ಸೊರಗುಟ್ಟಲಿ ಎಂದುಕೊಂಡಳು. ಅವಳು ಮುಟ್ಟಿದಾಗ ಸಿಮೆಂಟು ಇನ್ನೂ ಖಾಲಿ. ಅಬ್ದುಲ್ಲ ನಿಲ್ಲುವ ಜಾಗದ ಬಲಕ್ಕೆ, ಕೈ ಚಾಚಿದರೆ ಅಂಗಿ ಸಿಗುವಷ್ಟು ಹತ್ತಿರ, ಕಾಲೂರಿದಳು. ರಾಶಿ ಬಿತ್ತು. ಜನ ಬಂದರು. ಹಿಂದಿನಿಂದ ಒತ್ತಿದರು. ಅವಳು ಹಿಮ್ಮಡಿ ಒತ್ತಿ ನಿಂತಳು.

ಏಲಂ ಶುರುವಾಯಿತು. ಮೊದಲ ರಾಶಿ ನಂಗ್ ಮೀನಿನದು. ಕುಮುದಿನಿ ತನ್ನ ಬೆಲೆ ಹೇಳಿದಳು. ಕೂಗಲಿಲ್ಲ, ಹೇಳಿದಳು. ಅಬ್ದುಲ್ಲ ಹೆಸರು ಹಿಡಿಯಲಿಲ್ಲ. ಮತ್ತೆ ಹೇಳಿದಳು. ಇಲ್ಲ. ರಾಶಿ ರಾಯ್‌ಸ್ಟನ್‌ಗೆ ಹೋಯಿತು. ಇಷ್ಟು ಹತ್ತಿರದಿಂದಲೂ ಕೇಳದಿದ್ದರೆ ಇನ್ನು ಎಲ್ಲಿಗೆ ಹೋಗುವುದು?

ಹಿಂದಿನಿಂದ ವಾರಿಜಳ ಕೈ ಬಂದು ರವಕೆ ಜಗ್ಗಿತು. "ಅಯ್ಯೋ ನಿನ್ನ! ಆ ಬದಿಗೆ ಹೋಗು ಮಾರಾಯ್ತಿ. ಬಲಗಿವಿ ಮಂದ ಅವ್ರಿಗೆ."

"ಯಾವಾಗಿಂದ?"

"ಯಾವಾಗಿನಿಂದಲೂ. ಊರಿಗೇ ಗೊತ್ತುಂಟು. ನಿನ್ನ ಗಂಟಲಿಗೆ ಎಡ ಬಲ ಇತ್ತಾ, ನಿಂಗೆ ಗೊತ್ತಾಗ್ಲಿಕ್ಕೆ?"

ಎರಡನೇ ರಾಶಿ ಬೀಳುತ್ತಿತ್ತು. ಕುಮುದಿನಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಹಿಂದಿನಿಂದ ಸುತ್ತಿ ಹೋಗಲು ಹೊತ್ತಿರಲಿಲ್ಲ. ಅಬ್ದುಲ್ಲರ ಮುಂದಿನಿಂದಲೇ, ಜಾರುವ ಮೀನಿನ ಅಂಚಿನಲ್ಲಿ, ಬಗ್ಗಿ ಐದೇ ಹೆಜ್ಜೆಗೆ ದಾಟಿದಳು. ಆ ಬದಿಯಲ್ಲಿ ರಾಯ್‌ಸ್ಟನ್‌ನೇ ನಿಂತಿದ್ದ.

"ಎಂತ ಅಕ್ಕ, ಇಲ್ಲಿ ಎಂತ?"

"ಜರಗು."

"ನಾನು ಹತ್ತು ವರ್ಷದಿಂದ ಇಲ್ಲಿ ನಿಲ್ಲುದು."

"ಅದಕ್ಕೇ, ಸುಸ್ತಾಗಿರ್ಬೇಕು. ಜರಗು."

ಅವನು ಜರಗಲಿಲ್ಲ. ಅವಳು ಅವನ ಮೊಣಕೈಯ ಕೆಳಗಿನಿಂದ ನುಸುಳಿ ಅಬ್ದುಲ್ಲರ ಎಡಭುಜಕ್ಕೆ ಒಂದು ಗೇಣು ಹಿಂದೆ ನಿಂತಳು. ಮೂಗಿನಿಂದ ಉದ್ದಕ್ಕೆ ಉಸಿರು ಎಳೆದುಕೊಂಡಳು. ಬಂತು. ಬೇಡಿದಷ್ಟೂ ಬಂತು.

ಬಂಗುಡೆ. ಕರೆ ಏರಿತು. ರಾಯ್‌ಸ್ಟನ್ ಏರಿಸಿದ. ಕುಮುದಿನಿ ಆ ಎಡಗಿವಿಗೆ ಒಂದು ಮಾತು ಬಿಟ್ಟಳು.

ಅಬ್ದುಲ್ಲರ ಕೋಲು ನಿಂತಿತು. ಕಣ್ಣು ಮೀನಿನ ಮೇಲೆಯೇ ಇತ್ತು. "ಯಾರು? ಹೊಸ ಸ್ವರ. ಹೆಸರು ಹೇಳ್ಬೇಕು."

"ಹಳಬಳೇ, ಅಬ್ದುಲ್ಲಾಕ" ಎಂದಿತು ಆ ಗಾಳಿಯ ಸ್ವರ. "ಕಂಬದ ಹತ್ತಿರದವಳು."

ತಗ್ಗಿಸಿದ ತಲೆ ಸ್ವಲ್ಪ ಅಲುಗಿತು. ಬಿಳಿ ಟೊಪ್ಪಿಯ ಅಂಚಿನ ಕೆಳಗೆ ಕಿವಿಯ ತುದಿ ಕೆಂಪಾಯಿತು. ಏಳಬೇಕೆಂದಿದ್ದ ಕಣ್ಣನ್ನು ಅವರು ಹೇಗೋ ತಡೆದು ಹಿಡಿದರು. ಗಂಟಲು ಸರಿ ಮಾಡಿಕೊಂಡು ಇಡೀ ದಕ್ಕೆಗೆ ಕೇಳುವ ಹಾಗೆ ಕರೆದರು.

"ಕುಮುದಿನಕ್ಕ!"

ರಾಯ್‌ಸ್ಟನ್ ಏರಿಸಿದ. ಅವಳು ಇನ್ನೊಂದು ಮಾತು ಬಿಟ್ಟಳು. ಹಿಂದಿನಿಂದ ಯಾರೋ ಒತ್ತಿದರು, ರಾಯ್‌ಸ್ಟನ್‌ನ ಮೊಣಕೈ ಪಕ್ಕೆಗೆ ತಾಗಿತು. ಹಿಮ್ಮಡಿ ಜಾರಲಿಲ್ಲ.

"ಕುಮುದಿನಕ್ಕ, ಒಂದು" ಎಂದರು ಅಬ್ದುಲ್ಲ, ಮೀನಿನ ಕಡೆಗೆ. "ಕುಮುದಿನಕ್ಕ, ಎರಡು."

ವಾರಿಜ ಆಗಲೇ ಕ್ರೇಟುಗಳನ್ನು ದರದರನೆ ಎಳೆದು ತರುತ್ತಿದ್ದಳು.